ಹದಿನಾಲ್ಕು ಬಂದೂಕುಗಳ ಅರ್ಜಿ

ಗಡ್ಡಿಹಾಳ, ಸಿಂದಗಿ ತಾಲೂಕು
೨೧ ಜೂನ್ ೧೯೯೯

ಪೂಜ್ಯ ಅಣ್ಣನವರಿಗೆ ತಂಗಿ ವಿದ್ಯಾವತಿಯ ವಂದನೆಗಳು.

ಒಂಬತ್ತು ವರ್ಷಗಳ ನಂತರ ನನ್ನ ಅಕ್ಷರವನ್ನು ಕಂಡು ತಾವು ಲಕೋಟೆಯನ್ನು ತೆರೆಯದೆ ಬದಿಗಿಡಬಹುದು. ಆ ಅಂಜಿಕೆಯನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ನಮ್ಮ ಮನೆಯವರು ತೀರಿಕೊಂಡಾಗ ತಾಳಿಕೋಟೆಗೆ ಬಂದು ತಮ್ಮೊಡನೆ ಇರುವಂತೆ ತಾವು ಕರೆದಿರಿ. ನಾನು ಈ ಊರನ್ನೂ ನಾನು ಕಲಿಸುವ ಈ ಶಾಲೆಯನ್ನೂ ಬಿಡಲಿಲ್ಲ. ಅಂದಿನಿಂದ ತಾವು ಪಂಚಮಿಗೆ ತವರಿಗೆ ಕರೆಯಲು ಬರುವುದನ್ನು ಬಿಟ್ಟಿರಿ. ಅದನ್ನು ಕೆದಕಲು ಈ ಪತ್ರವಲ್ಲ. ನನಗೊಂದು ಅರ್ಜಿ ಬೇಕಾಗಿದೆ. ತಾವು ಮುದ್ದೇಬಿಹಾಳದ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದಾಗ, ತಾವು ಬರೆದ ಅರ್ಜಿಯನ್ನು ಓದಿದ ಸಾಹೇಬನು ಕುರ್ಚಿಯಿಂದ ಎದ್ದು ನಿಲ್ಲಲೇಬೇಕೆಂದು ಜನರು ಹೇಳುತ್ತಿದ್ದರು.

ನಡೆದದ್ದು ಹೀಗೆ. ನಮ್ಮ ಊರಿನಲ್ಲಿದ್ದ ಪೊಲೀಸ್ ಚೌಕಿಯನ್ನು ಸಂಕ್ರಮಣಕ್ಕೆ ಮೊದಲೇ ಮುಚ್ಚಿದರು. ಕಂದಾಯದ ತಲಾಠಿ ತಿಂಗಳಿಗೊಮ್ಮೆ ಬಂದು, ಬಂದ ಬಸ್ಸಿನಲ್ಲಿಯೇ ತಿರುಗಿ ಹೋಗುತ್ತಾನೆ. ಬೇಸಗೆಯಲ್ಲಿ ಹೊಳೆಯ ದಂಡೆಯ ಮೇಲಿನ ಮೋಟಾರುಗಳು ಒಂದೊಂದಾಗಿ ಕಳುವಾದವು. ರೈತರು ಠಾಣೆಗೆ ಹೋದರೆ, ಕಳ್ಳನ ಹೆಸರನ್ನು ನೀವೇ ತನ್ನಿರಿ ಎಂದರಂತೆ. ಆಗ ಮಡಿವಾಳಪ್ಪನೆಂಬುವನು, ಇಂಡಿ ಪಟ್ಟಣದ ನಿಂಬೆಹಣ್ಣಿನ ಲಾರಿಗಳ ಮೇಲೆ ಕ್ಲೀನರ್ ಆಗಿದ್ದವನು, ಎಂಟು ದಿನಗಳಲ್ಲಿ ಎಲ್ಲ ಮೋಟಾರುಗಳನ್ನೂ ತಂದು ಅವರವರ ಹೊಲಕ್ಕೆ ಮುಟ್ಟಿಸಿದನು. ಎಲ್ಲಿಂದ ತಂದನೆಂದು ಯಾರೂ ಕೇಳಲಿಲ್ಲ. ಕದ್ದವರೂ ಅವನ ಹುಡುಗರೇ ಎಂಬುದು ಊರಿಗೆಲ್ಲ ಗೊತ್ತು.

ಈಗ ಅವನ ಹಿಂದೆ ಆರು ಜನ ಬಂದೂಕುಗಳನ್ನು ಹೆಗಲಿಗೇರಿಸಿ ಹಾಡುಹಗಲಿನಲ್ಲಿ ತಿರುಗುತ್ತಾರೆ. ಹೊಲದ ಬಾಂದಿನ ತಂಟೆ, ಸೊಸೆಯ ತಂಟೆ, ಎಲ್ಲವೂ ಅವನ ದನದ ಕೊಟ್ಟಿಗೆಯಲ್ಲಿ ಇತ್ಯರ್ಥವಾಗುತ್ತವೆ. ಮೊದಲು ಜನರು ಹೆದರಿ ಹೋಗುತ್ತಿದ್ದರು. ಈಗ ಅನುಕೂಲವೆಂದು ಹೋಗುತ್ತಾರೆ. ನಿನ್ನೆ ಗೌಂಡಿ ಭೀಮಶ್ಯಾ (ನಮ್ಮ ಶಾಲೆಯ ಗೋಡೆಯನ್ನು ಕಟ್ಟಿದವನು) ಹೀಗೆಂದನು: “ಅಕ್ಕೋರ, ಸರಕಾರದ ಕೋರ್ಟಿನ್ಯಾಗ ಮೊಮ್ಮಕ್ಕಳ ಕಾಲಕ್ಕ ತೀರ್ಪು ಸಿಗ್ತೈತಿ. ಇಲ್ಲಿ ಚಹಾ ಆರೂದ್ರಾಗ ಸಿಗ್ತೈತಿ. ಮಂದಿ ಯಾಕ ಹೋಗೂದಿಲ್ರೀ?” ಹಾಗೆಂದವನೇ ಅರ್ಜಿಗೆ ಮೊದಲನೆಯ ಸಹಿ ಮಾಡುವೆನೆಂದೂ ಹೇಳಿದನು.

ಚೌಕಿಯನ್ನು ಮತ್ತೆ ತೆರೆಯಬೇಕೆಂದು ಮೇಲಧಿಕಾರಿಗಳಿಗೆ ಒಂದು ಅರ್ಜಿ ಬರೆದುಕೊಡಿರಿ.

ತಮ್ಮ
ವಿದ್ಯಾವತಿ


ತಾಳಿಕೋಟೆ
೪ ಜುಲೈ ೧೯೯೯

ಚಿರಂಜೀವಿ ವಿದ್ಯಾವತಿಗೆ ಬಸಂತರಾಯನ ಆಶೀರ್ವಾದಗಳು.

ಲಕೋಟೆಯನ್ನು ತೆರೆಯದಿರುವಷ್ಟು ಕಠಿಣನು ನಾನಲ್ಲ. ಅರ್ಜಿಯನ್ನು ನನ್ನ ಕೈಯಿಂದಲೇ ಎರಡು ಪ್ರತಿ ಬರೆದು ಇದರೊಡನೆ ಇರಿಸಿದ್ದೇನೆ. ಒಂದಕ್ಷರವನ್ನೂ ಬದಲಿಸಬೇಡ. ಮೂರನೆಯ ಪರಿಚ್ಛೇದದಲ್ಲಿ “ಆಡಳಿತವು ತೆರವು ಮಾಡಿದ ಸ್ಥಾನದಲ್ಲಿ ಆಯುಧವು ಆಸೀನವಾಗಿದೆ” ಎಂಬ ವಾಕ್ಯವುಂಟು. ಅದನ್ನು ಓದಿದ ಮೇಲೆಯೂ ಅಧಿಕಾರಿಯು ಸುಮ್ಮನೆ ಕುಳಿತರೆ ಅವನು ಅಧಿಕಾರಿಯೇ ಅಲ್ಲ. ನಿನ್ನ ಪತ್ರದಲ್ಲಿ ಆತುರ ಹೆಚ್ಚು. ಆತುರದಿಂದ ಬರೆದ ದೂರಿಗೆ ಬೆಲೆಯಿಲ್ಲ. ಸಹಿ ಮಾಡುವವರ ಹೆಸರು, ತಂದೆಯ ಹೆಸರು, ಉದ್ಯೋಗಗಳನ್ನು ಪೂರ್ಣವಾಗಿ ಬರೆಯಿಸು.

ಈ ಸಲದ ಪಂಚಮಿಯು ಸೋಮವಾರ ಬಂದಿದೆ. ನೋಡೋಣ.

ಹಿತೈಷಿ
ಬಸಂತರಾಯ


ಗಡ್ಡಿಹಾಳ
೨೦ ಆಗಸ್ಟ್ ೧೯೯೯

ಪೂಜ್ಯ ಅಣ್ಣನವರಿಗೆ,

ಅರ್ಜಿಗೆ ಉತ್ತರ ಬಂದಿತು. ಠಾಣೆಯ ಫೌಜದಾರರು ಜೀಪಿನಲ್ಲಿ ಬಂದು, ಮಡಿವಾಳಪ್ಪನ ಕೊಟ್ಟಿಗೆಯ ಮುಂದೆ ಇಳಿದು, ಚಹಾ ಕುಡಿದು, ಚೌಕಿಯ ಬೀಗವನ್ನು ಜಗ್ಗಿ ನೋಡಿ ಹೊರಟುಹೋದರು. ಮರುದಿನ ಮಡಿವಾಳಪ್ಪ ಶಾಲೆಗೆ ಬಂದನು. ಅವನ ಕೈಯಲ್ಲಿದ್ದದ್ದು ನಿಮ್ಮ ಅರ್ಜಿ. ಸಹಿಗಳ ಸಮೇತ.

“ಅಕ್ಕೋರ, ಭಾಳ ಚಂದ ಬರದೀರಿ,” ಎಂದನು. “ಆಯುಧ ಆಸೀನ ಆಗೇತಿ. ಆಹಾ! ನನ್ನ ಬಗ್ಗೆ ಇಷ್ಟ ಚಂದ ಯಾರೂ ಬರದಿಲ್ಲ ನೋಡ್ರಿ. ಯಾರ ಕೈ ಇದು?”

ನಾನು ಹೇಳಬಾರದಾಗಿತ್ತು. ನಮ್ಮ ಅಣ್ಣನವರದು ಎಂದೆ. ಹೆಮ್ಮೆಯಿಂದಲೇ ಹೇಳಿದೆ.

“ಅಣ್ಣಾರು ಅದಾರ? ನಾ ಇಲ್ಲಿ ಬಂದು ಇಷ್ಟ ವರ್ಷಾತು, ಒಮ್ಮಿನೂ ನೋಡಿಲ್ಲಲ್ರೀ!”

ಇನ್ನು ಪಂಚಮಿಯ ವಿಷಯ. ನೀವು “ನೋಡೋಣ” ಎಂದು ಬರೆದಿದ್ದಿರಿ. ಅಳ್ಳು ಹುರಿದು, ಉಂಡಿ ಕಟ್ಟಿ, ಚೀಲವನ್ನು ಸಿದ್ಧಪಡಿಸಿಕೊಂಡು ಕುಳಿತಿದ್ದೆ. ಮೋರಟಗಿಯ ಮೇಲಿಂದ ಬರುವ ಮೂರು ಬಸ್ಸುಗಳೂ ಬಂದವು, ಹೋದವು. ಮೂರನೆಯ ಬಸ್ಸು ಹೋದ ಮೇಲೆ ಮಡಿವಾಳಪ್ಪನ ಹೆಂಡತಿ ಗುಂಡವ್ವ ತಟ್ಟೆಯಲ್ಲಿ ಇಳಕಲ್ ಸೀರೆ, ಕುಪ್ಪಸ, ಉಂಡಿಗಳನ್ನು ಇಟ್ಟುಕೊಂಡು ಬಂದಳು. ಓಣಿಯ ಹೆಂಗಸರೆಲ್ಲ ಜೋಕಾಲಿಯನ್ನು ನಿಲ್ಲಿಸಿ ನೋಡುತ್ತಿದ್ದರು. “ಅಕ್ಕೋರು ಊರಿಗೆಲ್ಲಾ ಅಕ್ಷರ ಕೊಟ್ಟಾರ. ಅವ್ರಿಗೆ ಈ ಊರಾಗ ಒಬ್ಬ ಅಣ್ಣ ಇರಬಾರದೇನ ಅಂತ ನಮ್ಮ ಯಜಮಾನ್ರು ಕಳಿಸ್ಯಾರ,” ಎಂದಳು.

ಹಬ್ಬದ ದಿನ ಹೊಸ್ತಿಲಿಗೆ ಬಂದ ತಟ್ಟೆಯನ್ನು ತಿರುಗಿಸುವುದು ಹೇಗೆ? ತೆಗೆದುಕೊಂಡೆ. ಉಪಚಾರವೆಂದುಕೊಂಡು ತೆಗೆದುಕೊಂಡೆ. ಸೀರೆಯನ್ನು ಉಟ್ಟಿಲ್ಲ. ಆದರೂ ಮರುದಿನದಿಂದ ಭೀಮಶ್ಯಾನ ಹೆಂಡತಿ ಸೀತವ್ವ ನನ್ನನ್ನು ಕಂಡರೆ ಸೆರಗನ್ನು ಮುಂದಕ್ಕೆಳೆದುಕೊಂಡು ಹೋಗುತ್ತಿದ್ದಾಳೆ.

ನೀವೇಕೆ ಬರಲಿಲ್ಲವೆಂದು ಕೇಳುವುದಿಲ್ಲ.

ವಿದ್ಯಾವತಿ


ತಾಳಿಕೋಟೆ
೫ ಸೆಪ್ಟೆಂಬರ್ ೧೯೯೯

ವಿದ್ಯಾವತಿ,

ಅದು ಉಪಚಾರವಲ್ಲ. ನಮ್ಮ ಕಡೆ ಪಂಚಮಿಯ ಸೀರೆಯನ್ನು ಕೊಟ್ಟವನು ಅಣ್ಣನಾಗುತ್ತಾನೆ; ತೆಗೆದುಕೊಂಡವಳು ಅವನ ಮನೆಯ ಮಗಳಾಗುತ್ತಾಳೆ. ಊರೆಲ್ಲ ನೋಡುತ್ತಿರಲು ನೀನು ಒಬ್ಬ ದರೋಡೆಕೋರನ ತಂಗಿಯಾದೆ. ಐವತ್ತು ವರ್ಷಗಳ ವಯಸ್ಸಿನವಳಿಗೆ ಇದು ತಿಳಿಯಲಿಲ್ಲವೇ? ಕೂಡಲೇ ತಿರುಗಿ ಕಳುಹಿಸು.

ಆ ಸೋಮವಾರ ನಾನು ಬಸ್ ನಿಲ್ದಾಣದವರೆಗೆ ಬಂದಿದ್ದೆ. ಬಸ್ಸಿನಲ್ಲಿ ಜನದಟ್ಟಣೆ ಇತ್ತು.

ಬಸಂತರಾಯ


ಗಡ್ಡಿಹಾಳ
೨೮ ಫೆಬ್ರವರಿ ೨೦೦೦

ಅಣ್ಣನವರಿಗೆ,

ಆರು ತಿಂಗಳು ನಾನೂ ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಅಕ್ಷರಗಳು ಓರೆಯಾಗಿದ್ದರೆ ಕ್ಷಮಿಸಿರಿ.

ಗ್ರಾಮ ಪಂಚಾಯತಿಯ ಚುನಾವಣೆ ಬಂದಿತು; ಗುಂಡವ್ವ ನಿಂತಳು. ಮಡಿವಾಳಪ್ಪ ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ಉಮೇದುವಾರಿಯನ್ನು ಸಲ್ಲಿಸಿದ ಒಬ್ಬೊಬ್ಬರ ಮನೆಗೂ ಹೋಗಿ ಊಟ ಮಾಡಿದನು. ಎದ್ದು ಕೈ ತೊಳೆಯುವಾಗ “ಯಾಕ ಬೇಕ್ರಿ ಮತ್ತ?” ಎಂದಷ್ಟೇ ಹೇಳುತ್ತಿದ್ದನಂತೆ. ಎಲ್ಲರೂ ಹಿಂತೆಗೆದುಕೊಂಡರು. ಭೀಮಶ್ಯಾ ಒಬ್ಬನು ತೆಗೆದುಕೊಳ್ಳಲಿಲ್ಲ. “ನಮ್ಮ ಮನ್ಯಾಗ ಊಟಕ್ಕ ಬರಲಿಲ್ರೀ ಅಂವ,” ಎಂದು ನಗುತ್ತಿದ್ದನು. “ನಮ್ಮ ಓಣಿಗೆ ಬಂದು ಉಂಡಿದ್ರ ವಿಚಾರ ಮಾಡ್ತಿದ್ದೆ.”

ಹಿಂತೆಗೆದುಕೊಳ್ಳುವ ಕೊನೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದರು. ಭೀಮಶ್ಯಾ ಗೋಡೆಯ ಆಚೆಯ ರಸ್ತೆಯಲ್ಲಿ ಕರಣಿಯನ್ನು ಹಿಡಿದುಕೊಂಡು ಕೆಲಸಕ್ಕೆ ಹೊರಟಿದ್ದನು. ಮಡಿವಾಳಪ್ಪ ಎದುರಿನಿಂದ ಬಂದನು. ಹಿಂದಿದ್ದವನ ಕೈಯಿಂದ ಬಂದೂಕನ್ನು ತೆಗೆದುಕೊಂಡು ತಾನೇ ಹೊಡೆದನು. ಗೋಡೆಯು ನನ್ನ ಎದೆಯ ಮಟ್ಟ. ನಾನು ಎಲ್ಲವನ್ನೂ ಕಂಡೆ. ಮಕ್ಕಳು ಶಬ್ದವನ್ನು ಮಾತ್ರ ಕೇಳಿದರು. ನಾನು ಮಕ್ಕಳನ್ನು ಒಳಗೆ ಕಳುಹಿಸಿ ಹೊರಗೆ ಬರುವಷ್ಟರಲ್ಲಿ ರಸ್ತೆಯ ಎರಡೂ ಬದಿಯ ಬಾಗಿಲುಗಳು ಮುಚ್ಚಿದ್ದವು.

ಸೀತವ್ವನ ಬಳಿಗೆ ಹೋದೆ. ನಾನು ಕಂಡದ್ದನ್ನು ಹೇಳುತ್ತೇನೆ ಎಂದೆ. ಅವಳು ನನ್ನ ಮುಖವನ್ನೇ ನೋಡಲಿಲ್ಲ. “ನಿಮ್ಮಣ್ಣ ಮಾಡಿದ್ದರೀ ಅಕ್ಕೋರ,” ಎಂದಳು. “ಅಣ್ಣನ ಮ್ಯಾಲ ತಂಗಿ ಏನ ಹೇಳ್ತಾಳ? ಹೋಗ್ರಿ, ಮನಿಗೆ ಹೋಗ್ರಿ.”

ಅಂದೇ ಠಾಣೆಗೆ ಹೋಗಿ ಹೇಳಿಕೆಯನ್ನು ಬರೆಯಿಸಿದೆ. ಕಂಡವರು ಹತ್ತು ಜನರಾದರೂ ಇದ್ದರು. ಬರೆಯಿಸಿದವಳು ನಾನೊಬ್ಬಳೇ. ಮಡಿವಾಳಪ್ಪನನ್ನು ಹಿಡಿದುಕೊಂಡು ಹೋಗಿದ್ದಾರೆ. ಗುಂಡವ್ವ ಅವಿರೋಧವಾಗಿ ಆರಿಸಿ ಬಂದಿದ್ದಾಳೆ. ಅಧ್ಯಕ್ಷಳೂ ಅವಳೇ ಆಗುತ್ತಾಳಂತೆ.

ಸೀರೆಯನ್ನು ನಾನಿನ್ನೂ ತಿರುಗಿ ಕಳುಹಿಸಿರಲಿಲ್ಲ, ಅಣ್ಣ. ಪೆಟ್ಟಿಗೆಯಲ್ಲಿಯೇ ಇತ್ತು. ನಿನ್ನೆ ಅವರ ಕಟ್ಟೆಯ ಮೇಲೆ ಇಟ್ಟು ಬಂದೆ. ಸೀತವ್ವನ ಪಾಲಿಗೆ ಅದು ತಡವಾಯಿತು.

ವಿದ್ಯಾವತಿ


ತಾಳಿಕೋಟೆ
೧೦ ಮಾರ್ಚ್ ೨೦೦೦

ನನ್ನ ಪ್ರೀತಿಯ ತಂಗಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅಕ್ಷರಗಳು ಓರೆಯಾಗಿಲ್ಲ.

ಮೂವತ್ತೈದು ವರ್ಷ ಕಾಗದಗಳ ನಡುವೆ ಬದುಕಿದವನು ಒಂದು ಮಾತು ಹೇಳುತ್ತೇನೆ. ಸರಕಾರವೆಂದರೆ ಕಟ್ಟಡವಲ್ಲ, ಜೀಪಲ್ಲ, ಟೊಪ್ಪಿಗೆಯಲ್ಲ. ಕಂಡದ್ದನ್ನು ಕಂಡೆನೆಂದು ಹೇಳುವ ಒಬ್ಬ ಮನುಷ್ಯನಿರುವವರೆಗೆ ಅದು ಇರುತ್ತದೆ. ಆ ಮನುಷ್ಯ ಬಾಯಿ ಮುಚ್ಚಿದ ದಿನ ಅದು ಬಂದೂಕು ಹಿಡಿದವನ ಮನೆಯ ಆಳಾಗುತ್ತದೆ. ಗಡ್ಡಿಹಾಳದಲ್ಲಿ ಈಗ ಉಳಿದಿರುವ ಸರಕಾರ ನೀನು. ಹಿಂಜರಿಯಬೇಡ.

ನೀನು ಸಾಕ್ಷಿ ಹೇಳುವ ದಿನ ನಾನು ಬಿಜಾಪುರದ ನ್ಯಾಯಾಲಯಕ್ಕೆ ಬಂದು ನಿನ್ನ ಕಣ್ಣೆದುರಿಗೆ ಕುಳಿತಿರುತ್ತೇನೆ. ಇದು ನನ್ನ ಮಾತು.

ನಿನ್ನ ಅಣ್ಣ
ಬಸಂತರಾಯ


ಗಡ್ಡಿಹಾಳ
೧೭ ಆಗಸ್ಟ್ ೨೦೦೦

ಅಣ್ಣನವರಿಗೆ,

ಮಡಿವಾಳಪ್ಪ ಜಾಮೀನಿನ ಮೇಲೆ ಬಿಡುಗಡೆಯಾಗಿ ಬಂದು ಎರಡು ತಿಂಗಳಾಯಿತು. ಹಲಗೆ ಬಾರಿಸಿ ಬರಮಾಡಿಕೊಂಡರು. ಈಗ ಬಸ್ಸಿನ ಕಂಡಕ್ಟರ್ ಅವನ ಹುಡುಗರು ಕೈ ಬೀಸಿದ ಮೇಲೆಯೇ ಸೀಟಿ ಊದುತ್ತಾನೆ. ಕಂದೀಲಿನ ಎಣ್ಣೆ ಯಾರಿಗೆ, ಆಶ್ರಯ ಯೋಜನೆಯ ಮನೆ ಯಾರಿಗೆ, ಎಲ್ಲವನ್ನೂ ಕೊಟ್ಟಿಗೆಯಲ್ಲಿ ನಿರ್ಧರಿಸಿ, ಪಂಚಾಯತಿಯ ಕಾಗದದ ಮೇಲೆ ಬರೆದು, ಗುಂಡವ್ವನ ಸಹಿ ಹಾಕಿಸಿ ಕಳುಹಿಸುತ್ತಾರೆ. ಮೇಲಿನಿಂದ ಮಂಜೂರಾಗಿ ಬರುತ್ತದೆ. ಕಾಗದದಲ್ಲಿ ಒಂದು ತಪ್ಪೂ ಇರುವುದಿಲ್ಲ.

ಪಂಚಮಿಗೆ ಗುಂಡವ್ವ ಮತ್ತೆ ತಟ್ಟೆಯನ್ನು ತಂದಳು. ನಾನು ಹೊಸ್ತಿಲಲ್ಲಿಯೇ ನಿಂತು, “ನನಗೆ ಅಣ್ಣನಿದ್ದಾನೆ,” ಎಂದೆ.

“ಎಲ್ಲಿ ಅದಾರ್ರೀ?” ಎಂದು ಅವಳು ನನ್ನ ಹಿಂದೆ, ಮನೆಯೊಳಗೆ, ಇಣಿಕಿ ನೋಡಿದಳು.

ಅವಳು ಕೆಟ್ಟವಳಲ್ಲ. ಅಣಕಿಸಲಿಲ್ಲ, ನಿಜವಾಗಿಯೂ ನೋಡಿದಳು. ಮರುದಿನದಿಂದ ಒಂದು ವಾರ ಶಾಲೆಗೆ ಒಂದು ಮಗುವೂ ಬರಲಿಲ್ಲ.

ಮೊನ್ನೆ ಹದಿನೈದನೆಯ ತಾರೀಖು ಮಕ್ಕಳು ಬಂದರು, ಏಕೆಂದರೆ ಧ್ವಜವನ್ನು ಏರಿಸುವವಳು ಪಂಚಾಯತಿಯ ಅಧ್ಯಕ್ಷಳು. ಹಗ್ಗವನ್ನು ಬಿಚ್ಚಿ ಅವಳ ಕೈಗೆ ಕೊಡಬೇಕಾದವಳು ಮುಖ್ಯಾಧ್ಯಾಪಿಕೆ. ಕೊಟ್ಟೆ. ತಾಲೂಕಿನಿಂದ ಬಂದಿದ್ದ ಅಧಿಕಾರಿಗಳು ಕುರ್ಚಿಯ ಮೇಲೆ, ಮಡಿವಾಳಪ್ಪ ಅವರ ಪಕ್ಕದ ಕುರ್ಚಿಯ ಮೇಲೆ. ರಾಷ್ಟ್ರಗೀತೆಗೆ ಅವನೇ ಎಲ್ಲರಿಗಿಂತ ಮೊದಲು ಎದ್ದು ನಿಂತನು. ಅವನ ಹುಡುಗರೂ ಬಂದೂಕುಗಳನ್ನು ನೆಟ್ಟಗೆ ಹಿಡಿದು ನಿಂತರು. ಹೊರಗಿನಿಂದ ಬಂದವನಿಗೆ ಯಾರು ಸರಕಾರ, ಯಾರು ಅಲ್ಲ ಎಂದು ತಿಳಿಯುತ್ತಿರಲಿಲ್ಲ.

ಗೋಡೆಯ ಆಚೆ ಸೀತವ್ವ ನಿಂತಿದ್ದಳು. ನಾನು ಹಗ್ಗವನ್ನು ಕೊಡುವುದನ್ನು ನೋಡಿ ಹೊರಟುಹೋದಳು.

ವಿದ್ಯಾವತಿ


ಗಡ್ಡಿಹಾಳ
೧೧ ಡಿಸೆಂಬರ್ ೨೦೦೦

ಅಣ್ಣ,

ನಿನ್ನೆ ಗುಂಡವ್ವ ಒಂದು ಅರ್ಜಿಯನ್ನು ತಂದಿದ್ದಳು. “ಊರ ಹಿರಿಯರು ಅಂತ ಕೆಳಗ ನಿಮ್ಮದೊಂದು ಸಹಿ ಬೇಕ್ರಿ,” ಎಂದಳು. ಹೊಳೆಸಾಲಿನ ಬೆಳೆಗಳನ್ನು ಕಾಡುಹಂದಿಗಳಿಂದ ಕಾಪಾಡುವುದಕ್ಕಾಗಿ ಮಡಿವಾಳಪ್ಪನಿಗೂ ಅವನ ಹದಿಮೂರು ಜನರಿಗೂ ಬಂದೂಕಿನ ಪರವಾನಿಗೆಯನ್ನು ದಯಪಾಲಿಸಬೇಕೆಂಬ ಅರ್ಜಿ. ಹದಿನಾಲ್ಕು ಬಂದೂಕುಗಳು. “ಸಚ್ಚಾರಿತ್ರ್ಯವುಳ್ಳವರೂ ಗ್ರಾಮದ ಯೋಗಕ್ಷೇಮದಲ್ಲಿ ನಿರತರೂ ಆದ ಸದರಿ ಕೃಷಿಕರು” ಎಂದಿತ್ತು.

ಮೊದಲನೆಯ ಸಾಲನ್ನು ಓದುವುದಕ್ಕೆ ಮುಂಚೆಯೇ ನನಗೆ ತಿಳಿಯಿತು. ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು ತಿದ್ದಿಸಿದ ಅಕ್ಷರಗಳನ್ನು ನಾನು ಗುರುತಿಸಲಾರೆನೇ?

ಸಹಿ ಮಾಡಲಿಲ್ಲ. ಸಾಕ್ಷಿಯ ಸಮನ್ಸು ಬಂದಿದೆ: ಮಾರ್ಚ್ ಹನ್ನೆರಡು. ನಿಮ್ಮಿಂದ ಒಂದೇ ಒಂದು ಸಾಲು ಬೇಕು. ಇದು ನಿಮ್ಮ ಕೈಯಲ್ಲವೆಂದು ಬರೆಯಿರಿ, ನಂಬುತ್ತೇನೆ.

ವಿದ್ಯಾವತಿ


ತಾಳಿಕೋಟೆ
೧೯ ಜನವರಿ ೨೦೦೧

ವಿದ್ಯಾವತಿಗೆ,

ಅದು ನನ್ನ ಕೈಯೇ.

ಕಾರ್ತಿಕದಲ್ಲಿ ಇಬ್ಬರು ತರುಣರು ಬಂದರು. ಪಾದಗಳನ್ನು ಮುಟ್ಟಿ ನಮಸ್ಕರಿಸಿ, ನಾನು ಎಷ್ಟು ಹೇಳಿದರೂ ಕುರ್ಚಿಯ ಮೇಲೆ ಕೂರದೆ ಚಾಪೆಯ ಮೇಲೆ ಕುಳಿತರು. ಅವರಲ್ಲೊಬ್ಬನು ನಮ್ಮ ಮೊದಲಿನ ಅರ್ಜಿಯ ಮೂರನೆಯ ಪರಿಚ್ಛೇದವನ್ನು ಒಂದಕ್ಷರವೂ ತಪ್ಪದೆ ಬಾಯಿಪಾಠ ಒಪ್ಪಿಸಿದನು. “ಸಾಹೇಬ್ರ, ನಿಮ್ಮಂಗ ಬರಿಯಾವ್ರು ಈ ಜಿಲ್ಲಾದಾಗ ಉಳಿದಿಲ್ರಿ. ನಮ್ಮ ಯಜಮಾನ್ರು ದಿನಾ ಓದಸ್ತಾರ,” ಎಂದನು. ನಿವೃತ್ತನಾಗಿ ಹದಿನೆಂಟು ವರ್ಷಗಳಾದವು. ಈ ಹದಿನೆಂಟು ವರ್ಷಗಳಲ್ಲಿ ನನ್ನ ಒಂದು ವಾಕ್ಯವನ್ನು ಯಾರೂ ನನಗೆ ಓದಿ ಹೇಳಿರಲಿಲ್ಲ.

ಅವರು ಬಂದೂಕುಗಳನ್ನು ಹೊರಗೆ, ಪಾದರಕ್ಷೆಗಳ ಪಕ್ಕದಲ್ಲಿ ಬಿಟ್ಟು ಬಂದಿದ್ದರು. ಅದನ್ನು ನಾನು ಸಭ್ಯತೆಯೆಂದು ತಿಳಿದೆ. ಹೊರಡುವಾಗ ಅವುಗಳನ್ನು ಹೆಗಲಿಗೇರಿಸಿಕೊಳ್ಳುತ್ತ, “ಅಕ್ಕೋರಿಗೆ ಒಂದೀಟು ಬುದ್ಧಿ ಹೇಳ್ರಿ. ಒಬ್ಬಾಕೀನ ಇರ್ತಾರ,” ಎಂದರು. ಆಗ ತಿಳಿಯಿತು. ಅಷ್ಟು ಹೊತ್ತಿಗೆ ಅರ್ಜಿ ಅವರ ಕಿಸೆಯಲ್ಲಿತ್ತು.

ಆದುದರಿಂದ ಹೇಳುತ್ತೇನೆ. ಘಟನೆ ನಡೆದು ವರ್ಷವಾಯಿತು. ಗೋಡೆ ಅಡ್ಡವಿತ್ತು. ನೆನಪು ಮಸುಕಾಗಿದೆಯೆಂದು ಹೇಳಿದರೆ ಅದು ಪೂರ್ತಿ ಸುಳ್ಳಾಗುವುದಿಲ್ಲ. ನನ್ನ ಮೊಣಕಾಲುಗಳ ನೋವು ಈ ಚಳಿಗೆ ಹೆಚ್ಚಾಗಿದೆ. ಮಾರ್ಚಿನಲ್ಲಿ ಪ್ರಯಾಣ ಸಾಧ್ಯವಾಗುವುದೋ ಇಲ್ಲವೋ.

ಮೇಲಿನ ವಾಕ್ಯವನ್ನು ಹೊಡೆದುಹಾಕಬೇಕೆಂದಿದ್ದೆ, ಬಿಟ್ಟಿದ್ದೇನೆ. ಮೊಣಕಾಲುಗಳು ಚೆನ್ನಾಗಿವೆ. ನನಗೆ ಹೆದರಿಕೆಯಾಗಿದೆ.

ಬಸಂತರಾಯ


ಗಡ್ಡಿಹಾಳ
೧೪ ಮಾರ್ಚ್ ೨೦೦೧

ಅಣ್ಣ,

ಸೋಮವಾರ ಸಾಕ್ಷಿ ಹೇಳಿದೆ. ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಬಿಜಾಪುರದವರೆಗೂ ಖಾಲಿಯಿತ್ತು. ಜನರು ನಿಂತುಕೊಂಡೇ ಬಂದರು.

ಸರಕಾರದ ವಕೀಲರು ಕೇಳಿದರು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಗೋಡೆಯ ಎತ್ತರವನ್ನು ನನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದೆ. ಮಡಿವಾಳಪ್ಪನತ್ತ ಬೆರಳು ಮಾಡಿದೆ. ಅವನು ಕೈ ಮುಗಿದನು. ಅನಂತರ ಅವನ ವಕೀಲನು ಪಾಟೀಸವಾಲಿಗೆ ಎದ್ದನು. ನಮ್ಮ ಕಡೆಯವನೇ, ಮೆಲುದನಿಯವನು.

“ಅಕ್ಕೋರ, ಆರೋಪಿ ನಿಮಗ ಏನಾಗಬೇಕ್ರಿ?”

“ಏನೂ ಆಗಬೇಕಿಲ್ಲ.”

“ಪಂಚಮಿಗೆ ಸೀರಿ ಇಸಗೊಂಡ್ರಿ, ಆರು ತಿಂಗಳ ಪೆಟ್ಟಿಗ್ಯಾಗ ಇಟಗೊಂಡ್ರಿ. ಆದರ ಏನೂ ಆಗಬೇಕಿಲ್ಲ. ಇರಲಿ. ನಿಮ್ಮ ಒಡಹುಟ್ಟಿದವ್ರು ಒಬ್ಬರು ತಾಳಿಕೋಟ್ಯಾಗ ಅದಾರ. ಹತ್ತು ವರ್ಷಾತು, ನಿಮ್ಮ ಹೊಸ್ತಿಲಾ ತುಳದಿಲ್ಲ. ಹೌದಲ್ರೀ?”

“ಹೌದು.”

ಆಗ ಅವನು ನಿಮ್ಮ ಅರ್ಜಿಯನ್ನು ತೆಗೆದು ನ್ಯಾಯಾಧೀಶರ ಮುಂದಿಟ್ಟನು. ನಿಮ್ಮ ವಾಕ್ಯವನ್ನು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಓದಿದನು. ಸಚ್ಚಾರಿತ್ರ್ಯವುಳ್ಳವರೂ. ಗ್ರಾಮದ ಯೋಗಕ್ಷೇಮದಲ್ಲಿ ನಿರತರೂ. ಚೆನ್ನಾಗಿ ಕೇಳಿಸಿತು, ಅಣ್ಣ.

“ನಿಮ್ಮ ಅಣ್ಣಾರೇ ಬರದಾರ. ಆರೋಪಿ ಎಂಥವ ಅನ್ನೂದು ಅವ್ರಿಗೆ ಗೊತ್ತೈತಿ. ನೀವು ಎಂಥವ್ರು ಅನ್ನೂದೂ ಗೊತ್ತೈತಿ. ಅದಕ್ಕ ನಿಮ್ಮ ಮಾತಿನ ಬೆನ್ನಿಗೆ ನಿಲ್ಲಾಕ ಅವ್ರು ಸೈತ ತಯಾರಿಲ್ಲ. ಹೇಳ್ರಿ, ಇವತ್ತರ ಬಂದಾರೇನು ನಿಮ್ಮ ಅಣ್ಣಾರು?”

“ಬಂದಿದ್ದಾರೆ,” ಎಂದೆ.

ಹೇಗೆ ಬಂದಿತೋ ಆ ಮಾತು, ತಿಳಿಯದು. ನ್ಯಾಯಾಧೀಶರು ತಲೆಯೆತ್ತಿ “ಎಲ್ಲಿ?” ಎಂದರು. ಕೊನೆಯ ಬೆಂಚಿನ ಮೇಲೆ, ರುಮಾಲು ಸುತ್ತಿದ ಒಬ್ಬ ಮುದುಕರು ತಮ್ಮ ಹೊಲದ ದಾವೆಗೆಂದು ಬಂದವರು, ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಅವರತ್ತ ಕೈ ತೋರಿಸಿದೆ. ಎಲ್ಲರೂ ತಿರುಗಿ ನೋಡಿದರು; ನಿಮ್ಮನ್ನು ಕಂಡಿದ್ದ ಇಬ್ಬರು ಹುಡುಗರು ಒಳಗಿರಲಿಲ್ಲ. ಆ ಮುದುಕರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಎದ್ದು ನಿಂತು, ನ್ಯಾಯಾಧೀಶರಿಗೆ ಕೈ ಮುಗಿದು, ಮತ್ತೆ ಕುಳಿತುಕೊಂಡರು.

ವಕೀಲನು ತನ್ನ ಕಾಗದಗಳನ್ನು ಮಗುಚತೊಡಗಿದನು. ಹೊತ್ತಾಯಿತೆಂದು ಮುಂದಕ್ಕೆ ಹಾಕಿದರು.

ಹೊರಗೆ ಅವರ ಕ್ಷಮೆ ಕೇಳಿದೆ. “ಕ್ಷಮಾ ಯಾಕ ಬೇಕವ್ವಾ. ನಿಂತ್ರ ನಂದೇನ ಹೋತು? ಬಾ, ಬಸ್ಸಿಗೆ ಹಚ್ಚಿ ಹೋಗ್ತೇನಿ,” ಎಂದರು. ಬಸ್ಸು ಹೊರಡುವ ಮೊದಲು ಹೆಸರು ಕೇಳಿದೆ. ಮೋದಿನಸಾಬ, ಬಾಗೇವಾಡಿ ತಾಲೂಕು, ಮನಗೂಳಿಯ ಹತ್ತಿರದವರು. “ತಾರೀಖು ಯಾವತ್ತೈತಿ ಮುಂದ?” ಎಂದು ಅವರೂ ಕೇಳಿದರು. ಅವರ ದಾವೆ ಅಂದಿಗೆ ಇಲ್ಲ. ನನಗಾಗಿಯೇ ಬರುವರೆಂದು ತಿಳಿದು ನಾನು ಹೇಳಲಿಲ್ಲ. ಅವರು ನನ್ನ ಅಣ್ಣನಲ್ಲವೆಂಬುದು ಹೊರಬಿದ್ದರೆ ಆ ಮುದುಕರ ಗತಿಯೇನು?

ದೇವರ ಮೇಲೆ ಪ್ರಮಾಣ ಮಾಡಿ ನಿಂತ ಸ್ಥಳದಲ್ಲಿ ಅಂದು ನಾನು ಆಡಿದ ಸುಳ್ಳು “ಬಂದಿದ್ದಾರೆ” ಎಂಬುದೊಂದೇ.

ಪಾಟೀಸವಾಲು ಮುಗಿದಿಲ್ಲ. ಇಪ್ಪತ್ತೆಂಟನೆಯ ತಾರೀಖು, ಹನ್ನೊಂದು ಗಂಟೆಗೆ, ಮತ್ತೆ ಕರೆದಿದ್ದಾರೆ. ಆ ವಕೀಲನು ಮೊದಲು ಕೇಳುವುದು ಅದೇ ಪ್ರಶ್ನೆಯನ್ನು. ನಾನೂ ಅದೇ ಉತ್ತರವನ್ನು ಕೊಡುತ್ತೇನೆ: ಬಂದಿದ್ದಾರೆ.

ಅದು ನಿಜವಾಗಿರಬೇಕೋ ಬೇಡವೋ ಎಂಬುದನ್ನು ನಿಮಗೆ ಬಿಟ್ಟಿದ್ದೇನೆ.

ನಿಮ್ಮ ತಂಗಿ
ವಿದ್ಯಾವತಿ